ಜ್ಯೇಷ್ಠಮಧು: ಗ್ರಂಥಿಗೆ ಅಂಗಡಿಯ ಸಿಹಿ ಬೇರು

ಅಂಗಡಿಯ ಭರಣಿಯಲ್ಲಿರುವುದು ಸೌದೆಯ ಚೂರಲ್ಲ. ಹೊರಗೆ ಸುಕ್ಕುಗಟ್ಟಿದ ಕಂದು ತೊಗಟೆ, ಮುರಿದರೆ ಒಳಗೆ ಹಳದಿ ನಾರು. ಇದೇ ಜ್ಯೇಷ್ಠಮಧು. ಅತಿಮಧುರ, ಯಷ್ಟಿಮಧು ಎಂದೂ ಕರೆಯುತ್ತಾರೆ. ಯಷ್ಟಿ ಎಂದರೆ ಕೋಲು.

ನಮ್ಮ ಊರುಗಳ ಗ್ರಂಥಿಗೆ ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕರೂ ಇದು ಇಲ್ಲಿನ ಗಿಡವಲ್ಲ. ಬಟಾಣಿ, ಹುರುಳಿಗಳ ಕುಟುಂಬದ ಈ ಸಸ್ಯದ ತವರು ಮೆಡಿಟರೇನಿಯನ್ ಸೀಮೆಯಿಂದ ಮಧ್ಯ ಏಷ್ಯಾದವರೆಗಿನ ನೆಲ. ಗ್ರೀಕರು ಇಟ್ಟ ಹೆಸರಿಗೂ ‘ಸಿಹಿ ಬೇರು’ ಎಂದೇ ಅರ್ಥ.

ಸಿಹಿಗೆ ಕಾರಣ ಗ್ಲಿಸಿರೈಜಿನ್ ಎಂಬ ಅಂಶ. ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಆದರೆ ನಾಲಿಗೆಗೆ ತುಸು ತಡವಾಗಿ ತಾಗಿ, ಬಹಳ ಹೊತ್ತು ಬಿಡದೆ ಉಳಿಯುತ್ತದೆ. ಹಾಡುವವರು, ಪಾಠ ಹೇಳುವವರು ಗಂಟಲು ಕಟ್ಟಿದಾಗ ಒಂದು ಚೂರನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವುದುಂಟು. ಕೆಮ್ಮಿದ್ದರೆ ಬೇರನ್ನು ಜಜ್ಜಿ, ಶುಂಠಿ, ಕಾಳುಮೆಣಸಿನೊಂದಿಗೆ ಕುದಿಸಿ, ಸೋಸಿ ಬಿಸಿಬಿಸಿ ಕುಡಿಯುತ್ತಾರೆ. ಈ ಕಷಾಯಕ್ಕೆ ಬೆಲ್ಲ ಬೇಕಿಲ್ಲ, ಮಕ್ಕಳೂ ಮುಖ ಸಿಂಡರಿಸುವುದಿಲ್ಲ.

ಸಿಹಿಯೆಂದು ವಾರಗಟ್ಟಲೆ ಕುಡಿಯುವಂತಿಲ್ಲ. ಅತಿಯಾದರೆ ದೇಹದಲ್ಲಿ ಉಪ್ಪು, ನೀರು ನಿಂತು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿ.ಪಿ. ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.