ಕ್ಷ-ಕಿರಣದ ಪಕ್ಕದಲ್ಲಿ ನಿಂತವರು

ಕಳಸದ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ಎದೆನೋವು ಬಂದರೆ ಜೀಪು ಅಥವಾ ಆಂಬುಲೆನ್ಸು ಕುದುರೆಮುಖದ ದಾರಿಯಲ್ಲಿ ಘಾಟಿ ಇಳಿದು ಕಾರ್ಕಳ, ಮಣಿಪಾಲದ ಕಡೆಗೆ ಹೋಗುವುದುಂಟು. ಮೂಡಿಗೆರೆಯ ರೋಗಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳನ್ನು ಇಳಿದು ಮಂಗಳೂರು ಸೇರುತ್ತಾನೆ. ದಾರಿಯ ಕೊನೆಯಲ್ಲಿರುವುದು ‘ಕ್ಯಾತ್ ಲ್ಯಾಬ್’. ಅಲ್ಲಿ ಎದೆ ಸೀಳದೆ, ತೊಡೆಯ ಅಥವಾ ಮಣಿಕಟ್ಟಿನ ಅಪಧಮನಿಯ ಮೂಲಕ ತೆಳುವಾದ ನಳಿಕೆಯನ್ನು ತೂರಿಸಿ, ಮುಚ್ಚಿದ ರಕ್ತನಾಳವನ್ನು ತೆರೆಯುತ್ತಾರೆ. ನಳಿಕೆ ಎಲ್ಲಿದೆ ಎಂದು ತೋರಿಸುವುದು ಕ್ಷ-ಕಿರಣ.

ನಮ್ಮ ಕಣ್ಣಿಗೆ ಬೀಳುವುದು ವೈದ್ಯರು ಮಾತ್ರ. ಆದರೆ ಆ ಕೋಣೆಯಲ್ಲಿ ದಾದಿ ಇರುತ್ತಾರೆ, ಕ್ಷ-ಕಿರಣ ಯಂತ್ರ ನಡೆಸುವ ತಂತ್ರಜ್ಞರಿರುತ್ತಾರೆ, ಹೃದಯದ ಲಯವನ್ನು ಗಮನಿಸುವವರಿರುತ್ತಾರೆ. ವೈದ್ಯರಲ್ಲದ ಇವರು ಏನನ್ನು ಕಲಿತಿರಬೇಕು? ಆ ಕಲಿಕೆ ಹೇಗೆ ಬೆಳೆದುಬಂತು? ಈ ಪ್ರಶ್ನೆಗೆ ಉತ್ತರ ಕೊಡುವ ಚರಿತ್ರೆ ನೋವಿನಿಂದ ಆರಂಭವಾಗುತ್ತದೆ.

ವಿಲ್ಹೆಲ್ಮ್ ರಂಟ್ಜೆನ್ ಕ್ಷ-ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಮರುವರ್ಷವೇ ಅಮೆರಿಕದಲ್ಲಿ ಥಾಮಸ್ ಎಡಿಸನ್ ಆ ಕಿರಣದ ಬಿಂಬವನ್ನು ನೇರವಾಗಿ ನೋಡುವ ಫ್ಲೂರೋಸ್ಕೋಪ್ ತಯಾರಿಕೆಗೆ ತೊಡಗಿದ. ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ನಳಿಕೆ ಸರಿಯಿದೆಯೇ ಎಂದು ಪರೀಕ್ಷಿಸಲು ತನ್ನ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದ. ಚರ್ಮ ಸುಟ್ಟಿತು, ಕ್ಯಾನ್ಸರ್ ಹರಡಿತು, ಅಂಗಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ಅವನು ತೀರಿಕೊಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ಎಲಿಜಬೆತ್ ಫ್ಲೈಷ್‌ಮನ್ ಕ್ಷ-ಕಿರಣ ಚಿತ್ರಣವನ್ನು ಕಲಿತು ಹೆಸರು ಮಾಡಿದರು. 1905ರಲ್ಲಿ ಅವರ ಸಾವಿಗೂ ವಿಕಿರಣವೇ ಕಾರಣವಾಯಿತು. ಇಬ್ಬರೂ ವೈದ್ಯರಲ್ಲ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಕಿರಣಕ್ಕೆ ಬಲಿಯಾದವರ ಸ್ಮಾರಕ ನಿಂತಾಗ ಅದರ ಮೇಲೆ 169 ಹೆಸರುಗಳಿದ್ದವು.

ಈ ಕೆಲಸಕ್ಕೆ ಕೈಚಳಕ ಸಾಲದು, ಕ್ರಮಬದ್ಧ ಶಿಕ್ಷಣ ಬೇಕು ಎಂಬ ಅರಿವು ಆಗ ಮೂಡಿತು. ಬ್ರಿಟನ್ನಿನಲ್ಲಿ 1920ರಲ್ಲಿ ರೇಡಿಯೋಗ್ರಾಫರುಗಳ ಸಂಘ ಸ್ಥಾಪನೆಯಾಯಿತು.

ಇನ್ನೊಂದು ಕಡೆ ಕ್ಷ-ಕಿರಣದ ಕಣ್ಗಾವಲಿನಲ್ಲಿ ಚಿಕಿತ್ಸೆ ನೀಡುವ ವಿದ್ಯೆ ಬೆಳೆಯಿತು. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯಲ್ಲಿ 65 ಸೆಂಟಿಮೀಟರ್ ಉದ್ದಕ್ಕೆ ನಳಿಕೆ ತೂರಿಸಿ ಹೃದಯವನ್ನು ಮುಟ್ಟಿದ. ಪರದೆಯ ಮೇಲಿನ ಬಿಂಬ ಅವನಿಗೆ ಕಾಣುವಂತೆ ಕನ್ನಡಿ ಹಿಡಿದು ನಿಂತವಳು ಒಬ್ಬ ದಾದಿ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿ ಮತ್ತು ತಂತಿಯ ನೆರವಿನಿಂದ ನಳಿಕೆಯನ್ನು ಸುಲಭವಾಗಿ ರಕ್ತನಾಳದೊಳಗೆ ಸೇರಿಸುವ ವಿಧಾನವನ್ನು ಪ್ರಕಟಿಸಿದ. 1964ರ ಜನವರಿ 16ರಂದು ಅಮೆರಿಕದ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯ ತೊಡೆಯ ಅಪಧಮನಿಯನ್ನು ನಳಿಕೆಯಿಂದಲೇ ಹಿಗ್ಗಿಸಿದ. ಆಕೆಯ ಕಾಲು ಉಳಿಯಿತು. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಹೃದಯದ ಅಪಧಮನಿಯಲ್ಲಿ ಬಲೂನು ಉಬ್ಬಿಸಿದ.

ಇದರಿಂದ ಒಂದು ಹೊಸ ತೊಡಕು ಹುಟ್ಟಿತು. ಸಾಮಾನ್ಯ ಎಕ್ಸ್-ರೇ ತೆಗೆಯುವಾಗ ತಂತ್ರಜ್ಞರು ತಡೆಗೋಡೆಯ ಹಿಂದೆ ನಿಲ್ಲಬಹುದು, ಕಿರಣ ಕ್ಷಣಮಾತ್ರ. ಇಲ್ಲಿ ಹಾಗಲ್ಲ. ರೋಗಿಯ ಪಕ್ಕದಲ್ಲೇ ನಿಲ್ಲಬೇಕು, ಕಿರಣ ನಿಮಿಷಗಟ್ಟಲೆ ಹರಿಯಬಹುದು. ರೋಗಿಯ ದೇಹಕ್ಕೆ ಬಡಿದ ಕಿರಣದ ಒಂದು ಭಾಗ ಎಲ್ಲ ದಿಕ್ಕಿಗೂ ಚದುರುತ್ತದೆ. ಸಿಬ್ಬಂದಿಗೆ ತಾಗುವುದು ಮುಖ್ಯವಾಗಿ ಈ ಚದುರಿದ ಕಿರಣ. ರೋಗಿಯ ಚರ್ಮಕ್ಕೂ ಅಪಾಯವಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1994ರಲ್ಲಿ ಎಚ್ಚರಿಸಿತು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2000ದಲ್ಲಿ ಈ ಚಿಕಿತ್ಸೆಗಳ ಕುರಿತೇ ಒಂದು ವರದಿ ಹೊರತಂದಿತು. 2011ರಲ್ಲಿ ಅದು ಸಿಬ್ಬಂದಿಯ ಕಣ್ಣಿನ ಮಸೂರಕ್ಕೆ ಸೂಚಿಸಿದ್ದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಸರಾಸರಿ 20ಕ್ಕೆ ಇಳಿಸಿತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದವಳು; ಪಿಯುಸಿ ನಂತರ ವೈದ್ಯಕೀಯ ಬಿಂಬ ತಂತ್ರಜ್ಞಾನ ಓದಿ ಕ್ಯಾತ್ ಲ್ಯಾಬ್ ಸೇರಿದ್ದಳು. “ಸರ್, ವಿಲೋಮ ವರ್ಗ ನಿಯಮವನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ. ಈಗ ಎಲ್ಲಿ ನಿಲ್ಲಬೇಕು ಅಂತ ದಿನಾ ಅದೇ ಹೇಳುತ್ತೆ” ಎಂದಳು. ಅವಳು ಮೊದಲು ಸೇರಿದ ಕಡೆ ವಿಕಿರಣ ಅಳೆಯುವ ಬ್ಯಾಡ್ಜುಗಳು ಮೇಜಿನ ಖಾನೆಯಲ್ಲೇ ಇರುತ್ತಿದ್ದವಂತೆ. ಖಾನೆಯಲ್ಲಿಟ್ಟ ಬ್ಯಾಡ್ಜು ಖಾನೆಗೆ ಬಿದ್ದ ವಿಕಿರಣವನ್ನಷ್ಟೇ ಹೇಳೀತು!

ಅವಳ ಮಾತಿನಲ್ಲಿ ಇಡೀ ಪಠ್ಯಕ್ರಮದ ತಿರುಳಿದೆ: ಕಾಲ, ದೂರ, ಕವಚ. ಕಿರಣ ಹರಿಯುವ ಅವಧಿ ಅರ್ಧವಾದರೆ ವಿಕಿರಣವೂ ಅರ್ಧ. ರೋಗಿಯಿಂದ ಅರ್ಧ ಮೀಟರ್ ದೂರದಲ್ಲಿದ್ದವರು ಒಂದು ಮೀಟರಿಗೆ ಸರಿದರೆ ಅದು ಸ್ಥೂಲವಾಗಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕವಚವೆಂದರೆ ಸೀಸದ ಏಪ್ರನ್, ಕುತ್ತಿಗೆ ಪಟ್ಟಿ, ಕನ್ನಡಕ. ಕಿರಣದ ನಳಿಕೆ ಮೇಜಿನ ಕೆಳಗಿದ್ದರೆ ಚದುರುವ ಕಿರಣ ಹೆಚ್ಚಾಗಿ ಕೆಳಮುಖವಾಗಿ ಹೋಗುವುದರಿಂದ ಕಣ್ಣಿಗೆ ಕ್ಷೇಮ.

ಭಾರತದಲ್ಲಿ ಇದರ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 – ಇದು ಮಿತಿ. ಕರ್ನಾಟಕದಲ್ಲಿ 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಬಿಂಬ ತಂತ್ರಜ್ಞಾನ, ಹೃದಯ ಆರೈಕೆ ತಂತ್ರಜ್ಞಾನಗಳಲ್ಲಿ ಪದವಿ ನೀಡುತ್ತದೆ. 2021ರಲ್ಲಿ ಸಂಸತ್ತು ಇಂಥ ವೃತ್ತಿಗಳ ಶಿಕ್ಷಣಕ್ಕೂ ನೋಂದಣಿಗೂ ರಾಷ್ಟ್ರೀಯ ಆಯೋಗ ರಚಿಸುವ ಕಾಯಿದೆಯನ್ನು ಅಂಗೀಕರಿಸಿತು. ಹ್ಯಾಂಬರ್ಗ್‌ನ ಕಲ್ಲಿಗೂ ಈ ಕಾಯಿದೆಗೂ ನಡುವೆ 85 ವರ್ಷಗಳ ಅಂತರ.

ನಮ್ಮ ಗುಡ್ಡಗಳಿಗೂ ಈ ಸರಪಳಿಯ ಕೊಂಡಿ ಬೇಕು. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯ ಲೆಕ್ಕಾಚಾರವೂ ಇದೇ: ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸುವುದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಆ ಇಸಿಜಿಯ ತಂತಿಗಳನ್ನು ಎದೆಗೆ ಸರಿಯಾಗಿ ಅಂಟಿಸುವುದು ಸಾಮಾನ್ಯವಾಗಿ ದಾದಿ ಅಥವಾ ತಂತ್ರಜ್ಞರ ಕೆಲಸ. ಚಿಕ್ಕಮಗಳೂರಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ವೈದ್ಯರ ಜೊತೆಗೆ ಇಂಥ ತಂತ್ರಜ್ಞರೂ ಇಲ್ಲಿಯೇ ತಯಾರಾದರೆ ಮಲೆನಾಡಿಗೆ ಲಾಭ.

ಅಧ್ಯಾಪಕ ಮಿತ್ರರಲ್ಲಿ ಒಂದು ಮಾತು. ವಿಲೋಮ ವರ್ಗ ನಿಯಮವನ್ನು ದೀಪ ಮತ್ತು ಪರದೆಯಿಂದ ತೋರಿಸಿದ ಮೇಲೆ ಕ್ಯಾತ್ ಲ್ಯಾಬಿನ ದಾದಿಯ ಕಥೆಯನ್ನೂ ಹೇಳಿ. ಆಕೆ ಒಂದು ಹೆಜ್ಜೆ ಹಿಂದೆ ಸರಿದರೆ ಏನಾಗುತ್ತದೆ ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಪಿಯುಸಿ ನಂತರ ವೈದ್ಯಕೀಯ ಸೀಟು ಸಿಗದವರಿಗೂ ಜೀವ ಉಳಿಸುವ ಕೆಲಸವೊಂದು ಕಾದಿದೆ ಎಂದು ಅವರಿಗೆ ತಿಳಿಯಲಿ.