ಕೊಯ್ನಾ ಭೂಕಂಪ

ಕೊಯ್ನಾ ಭೂಕಂಪವು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾನಗರದ ಪರಿಸರದಲ್ಲಿ 1967ರ ಡಿಸೆಂಬರ್ 11ರಂದು ನಸುಕಿನ 4 ಗಂಟೆ 21 ನಿಮಿಷಕ್ಕೆ ಸಂಭವಿಸಿದ ಭೂಕಂಪ. ಇದರ ಪರಿಮಾಣ 6.3. ಸುಮಾರು 180 ಜನರು ಮೃತಪಟ್ಟರು. ಸಾವಿರಕ್ಕೂ ಹೆಚ್ಚು ಜನರು ಗಾಯಗೊಂಡರು. ಗ್ರೀನ್‌ವಿಚ್ ಕಾಲಮಾನದಂತೆ ಆಗ ಇನ್ನೂ ಹಿಂದಿನ ದಿನದ ರಾತ್ರಿಯಾಗಿದ್ದುದರಿಂದ ಬಹುಪಾಲು ಗ್ರಂಥಗಳಲ್ಲಿ ದಿನಾಂಕವು ಡಿಸೆಂಬರ್ 10 ಎಂದಿದೆ. ಜಲಾಶಯದ ನೀರಿನಿಂದ ಪ್ರೇರಿತವಾದ ಭೂಕಂಪಗಳಲ್ಲಿ ಇದುವರೆಗಿನ ಅತಿ ದೊಡ್ಡದು ಇದೇ ಎಂದು ಭೂಕಂಪವಿಜ್ಞಾನಿಗಳು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ನದಿ ಮತ್ತು ಜಲಾಶಯ

ಕೊಯ್ನಾ ನದಿಯು ಮಹಾಬಲೇಶ್ವರದಲ್ಲಿ ಹುಟ್ಟಿ ಸಹ್ಯಾದ್ರಿಯ ಸಾಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು, ಪೂರ್ವಕ್ಕೆ ತಿರುಗಿ, ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಕೊಯ್ನಾದಿಂದ ಇಷ್ಟು ಕ್ಯೂಸೆಕ್ಸ್ ನೀರು ಬಿಡಲಾಗಿದೆ ಎಂಬ ವಾರ್ತೆಯನ್ನು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿತೀರದ ಜನರು ಆತಂಕದಿಂದ ಕೇಳುವುದು ಈ ಕಾರಣದಿಂದಲೇ. ಜಲವಿದ್ಯುತ್ತಿಗಾಗಿ ಈ ನದಿಗೆ ಅಡ್ಡಲಾಗಿ 103 ಮೀಟರ್ ಎತ್ತರದ ಕಲ್ಲುಕಾಂಕ್ರೀಟಿನ ಅಣೆಕಟ್ಟನ್ನು ಕಟ್ಟಲಾಯಿತು. ಅದರ ಹಿಂದೆ ನಿಂತ ನೀರಿಗೆ ಶಿವಾಜಿಸಾಗರ ಎಂದು ಹೆಸರು.

1960ರ ದಶಕದ ಆರಂಭದಲ್ಲಿ ನೀರು ತುಂಬತೊಡಗಿದ ಸ್ವಲ್ಪ ಕಾಲದಲ್ಲಿಯೇ ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ಕಂಪನಗಳು ಅನುಭವಕ್ಕೆ ಬಂದವು. ಭೂಮಿಯೊಳಗಿನಿಂದ ಗುಡುಗಿನಂತಹ ಸದ್ದೂ ಕೇಳಿಬರುತ್ತಿತ್ತು. 1967ರ ಸೆಪ್ಟೆಂಬರ್ 13ರಂದು ಪರಿಮಾಣ 5ಕ್ಕೂ ಮಿಕ್ಕ ಕಂಪನವೊಂದು ಆಯಿತು. ಮೂರು ತಿಂಗಳ ಬಳಿಕ ಮುಖ್ಯ ಭೂಕಂಪ ಬಂದಿತು.

ಹಾನಿ

ಜನರು ಮಲಗಿದ್ದ ಹೊತ್ತು ಅದು. ಕೊಯ್ನಾನಗರದ ಬಹುತೇಕ ಮನೆಗಳು ವಾಸಕ್ಕೆ ಅಯೋಗ್ಯವಾದವು. ಮಣ್ಣು ಅಥವಾ ದುರ್ಬಲ ಗಾರೆಯಲ್ಲಿ ಒರಟು ಕಲ್ಲುಗಳನ್ನು ಜೋಡಿಸಿದ ದಪ್ಪ ಗೋಡೆಗಳು ಕುಸಿದದ್ದೇ ಹೆಚ್ಚಿನ ಸಾವುಗಳಿಗೆ ಕಾರಣ. ಇಂತಹ ಗೋಡೆಯು ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಪಕ್ಕಕ್ಕೆ ಅಲುಗಾಡಿಸಿದರೆ ಕಲ್ಲುಗಳು ಬೇರ್ಪಟ್ಟು ಉದುರುತ್ತವೆ. ವಿದ್ಯುತ್ ಪೂರೈಕೆ ಕಡಿದುಹೋದುದರಿಂದ ಮುಂಬಯಿಯ ಕೈಗಾರಿಕೆಗಳಿಗೂ ತೊಂದರೆಯಾಯಿತು.

ಅಣೆಕಟ್ಟು ಒಡೆಯಲಿಲ್ಲ. ಆದರೆ ಅಪಾಯ ಹತ್ತಿರವೇ ಇತ್ತು. ಭೂಕಂಪದ ಸಮತಲ ಬಲವು ಗುರುತ್ವದ ನೂರನೆಯ ಐದು ಭಾಗ, ಅಂದರೆ 0.05, ಇರಬಹುದೆಂಬ ಲೆಕ್ಕದ ಮೇಲೆ ಅದನ್ನು ವಿನ್ಯಾಸಗೊಳಿಸಲಾಗಿತ್ತು. ಅಣೆಕಟ್ಟಿನೊಳಗೇ ಇದ್ದ ವೇಗೋತ್ಕರ್ಷಮಾಪಕವು ಆ ನಸುಕಿನಲ್ಲಿ ಅಣೆಕಟ್ಟಿನ ಉದ್ದದ ದಿಕ್ಕಿನಲ್ಲಿ 0.63, ಅಡ್ಡ ದಿಕ್ಕಿನಲ್ಲಿ 0.49 ಎಂದು ದಾಖಲಿಸಿತು. ವಿನ್ಯಾಸದ ಅಂಕಿಯೂ ಅಳತೆಯ ಅಂಕಿಯೂ ನೇರ ಹೋಲಿಕೆಗೆ ಸಿಗುವಂಥವಲ್ಲವಾದರೂ ಅಂತರವು ದೊಡ್ಡದೆಂಬುದು ಸ್ಪಷ್ಟ. ಕೆಳಪಾರ್ಶ್ವದ ಇಳಿಜಾರು ಥಟ್ಟನೆ ಬದಲಾಗುವ ಎತ್ತರದಲ್ಲಿ ಎರಡೂ ಮುಖಗಳ ಮೇಲೆ ಅಡ್ಡ ಬಿರುಕುಗಳು ಕಾಣಿಸಿಕೊಂಡವು. ಆನಂತರ ಆನಿಕೆಗಳನ್ನು ಕಟ್ಟಿ ಅಣೆಕಟ್ಟನ್ನು ಬಲಪಡಿಸಲಾಯಿತು. ಅಂದಿನ ದಾಖಲೆಯನ್ನು ಲೋಕದಾದ್ಯಂತ ಅಣೆಕಟ್ಟು ಎಂಜಿನಿಯರುಗಳು ಇಂದಿಗೂ ತಮ್ಮ ಲೆಕ್ಕಾಚಾರಗಳ ಪರೀಕ್ಷೆಗೆ ಬಳಸುತ್ತಾರೆ.

ಫಲಕದ ನಡುವೆ ಭೂಕಂಪ

ಭೂಮಿಯ ಹೊರಕವಚವು ಹಲವು ಫಲಕಗಳಾಗಿ ಒಡೆದಿದೆ. ಅವು ಚಲಿಸುವಾಗ ಅಂಚುಗಳಲ್ಲಿ ಭೂಕಂಪವಾಗುತ್ತದೆ ಎಂದು ಶಾಲಾ ಪುಸ್ತಕಗಳು ಹೇಳುತ್ತವೆ. ಬಹುಪಾಲು ಭೂಕಂಪಗಳ ಮಟ್ಟಿಗೆ ಇದು ಸರಿ. ಆದರೆ ಕೊಯ್ನಾ ಯಾವ ಅಂಚಿನಲ್ಲಿಯೂ ಇಲ್ಲ. ಭಾರತ ಫಲಕವು ಯುರೇಷಿಯಾ ಫಲಕವನ್ನು ಒತ್ತುವ ಹಿಮಾಲಯವು ಇಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ದಖನ್ನಿನ ಪುರಾತನ ಶಿಲೆಯು ಅಚಲವೆಂಬ ನಂಬಿಕೆ ಆ ಕಾಲದಲ್ಲಿ ಬಲವಾಗಿತ್ತು.

ಭಾರತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರದತ್ತ ಸರಿಯುತ್ತಿದೆ. ಮುಂದಿನ ತುದಿಯಲ್ಲಿ ತಡೆಯುಂಟಾದಾಗ ಒತ್ತಡವು ಆ ತುದಿಯಲ್ಲಿ ಮಾತ್ರ ಉಳಿಯದೆ ಫಲಕದ ಒಡಲಿಗೂ ಹರಡುತ್ತದೆ. ಎಂದೋ ಬಿರುಕು ಬಿಟ್ಟ ಸ್ತರಭಂಗಗಳು ಒಡಲಿನಲ್ಲಿದ್ದರೆ ಒತ್ತಡವು ಅಲ್ಲಿ ನಿಧಾನವಾಗಿ ಕೂಡಿಕೊಳ್ಳುತ್ತದೆ. ಇಂತಹ ಭೂಕಂಪಗಳು ಅಪರೂಪ. ಜನರು ಸಿದ್ಧರಾಗಿರುವುದಿಲ್ಲವಾದ್ದರಿಂದ ಬಂದಾಗ ಹಾನಿ ಹೆಚ್ಚು. 1993ರ ಸೆಪ್ಟೆಂಬರ್ 30ರಂದು ಕರ್ನಾಟಕದ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದೂ ಫಲಕದ ಒಡಲಿನ ಭೂಕಂಪವೇ.

ನೀರಿನ ಪಾತ್ರ

ನೀರಿನ ಭಾರಕ್ಕೆ ನೆಲ ಕುಸಿದು ಭೂಕಂಪವಾಯಿತು ಎಂದು ಉತ್ತರ ಬರೆಯುವ ವಿದ್ಯಾರ್ಥಿಗಳು ಬಹಳ. ಇದು ಅರ್ಧ ಸತ್ಯವೂ ಅಲ್ಲ. ಭೂಕಂಪದಲ್ಲಿ ಬಿಡುಗಡೆಯಾದ ಶಕ್ತಿಯು ಶಿಲೆಯಲ್ಲಿ ಮೊದಲೇ ಸಂಚಯವಾಗಿದ್ದ ಶಕ್ತಿ. ನೀರು ಅದರ ಬಿಡುಗಡೆಯನ್ನು ಪ್ರಚೋದಿಸಿತು. ಜಲಾಶಯದ ಭಾರವೂ ಶಿಲೆಯ ಒತ್ತಡದಲ್ಲಿ ಸ್ವಲ್ಪ ವ್ಯತ್ಯಾಸವನ್ನು ಉಂಟುಮಾಡುವುದು ನಿಜ. ಅದಕ್ಕಿಂತ ಮುಖ್ಯವಾದದ್ದು, ಬಿರುಕುಗಳ ಮೂಲಕ ಕೆಳಗಿಳಿದ ನೀರು ಸ್ತರಭಂಗದ ಎರಡು ಮೈಗಳ ನಡುವೆ ಬೀರುವ ಒತ್ತಡ. ಇದನ್ನು ರಂಧ್ರ ಒತ್ತಡ ಎನ್ನುತ್ತಾರೆ. ಈ ಒತ್ತಡವು ಮೈಗಳನ್ನು ಒಂದಕ್ಕೊಂದು ಅದುಮಿ ಹಿಡಿದಿರುವ ಬಲವನ್ನು ತಗ್ಗಿಸುತ್ತದೆ. ಘರ್ಷಣೆ ಕಡಮೆಯಾಗಿ ಮೈಗಳು ಜಾರುತ್ತವೆ.

ಈ ತತ್ತ್ವವನ್ನು ಅಡುಗೆಮನೆಯಲ್ಲಿಯೇ ನೋಡಬಹುದು. ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ನುಣುಪಾದ ಒದ್ದೆ ಕಲ್ಲಿನ ಮೇಲೆ ಬೋರಲು ಹಾಕಿದರೆ ಅದು ಕೆಲವೊಮ್ಮೆ ತಾನಾಗಿಯೇ ಸರಿಯುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಕಾದು ಹಿಗ್ಗಿ ಲೋಟದ ಭಾರದ ಒಂದಂಶವನ್ನು ತಾನೇ ಹೊರುತ್ತದೆ. ಲೋಟದ ತೂಕ ಬದಲಾಗಿಲ್ಲ, ಕಲ್ಲಿನ ಇಳಿಜಾರೂ ಬದಲಾಗಿಲ್ಲ. ಅಂಚು ಕಲ್ಲನ್ನು ಒತ್ತುವ ಬಲ ಮಾತ್ರ ಇಳಿದಿದೆ. ಅಮೆರಿಕದ ಭೂವಿಜ್ಞಾನಿಗಳಾದ ಹಬರ್ಟ್ ಮತ್ತು ರೂಬೀ ಇದೇ ಬಗೆಯ ಪ್ರಯೋಗವನ್ನು ತಣ್ಣಗಿನ ಖಾಲಿ ಬಿಯರ್ ಡಬ್ಬಿ ಮತ್ತು ಒದ್ದೆ ಗಾಜಿನ ಹಲಗೆಯಿಂದ ಮಾಡಿ, 1959ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ನಮ್ಮ ಶಾಲೆಗಳಿಗೆ ಸ್ಟೀಲ್ ಲೋಟವೇ ಮೇಲು.

ನಿಜವಾದ ಶಿಲೆಯಲ್ಲಿ ಇದಕ್ಕೆ ಸಾಕ್ಷ್ಯ ದೊರೆತದ್ದು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ. ಡೆನ್ವರ್ ನಗರದ ಬಳಿ ಸೈನ್ಯದ ರಾಸಾಯನಿಕ ಕಾರ್ಖಾನೆಯೊಂದರ ತ್ಯಾಜ್ಯ ದ್ರವವನ್ನು 1962ರಿಂದ 3,671 ಮೀಟರ್ ಆಳದ ಕೊಳವೆಬಾವಿಗೆ ಒತ್ತಲಾಗುತ್ತಿತ್ತು. ಬೆನ್ನಿಗೇ ಭೂಕಂಪಗಳು ಆರಂಭವಾದವು. ಪಂಪು ಮಾಡಿದ ಪ್ರಮಾಣಕ್ಕೂ ಕಂಪನಗಳ ಸಂಖ್ಯೆಗೂ ಸಂಬಂಧವಿದೆಯೆಂದು 1965ರಲ್ಲಿ ಡೇವಿಡ್ ಇವಾನ್ಸ್ ತೋರಿಸಿದ ಮೇಲೆ, 1966ರಲ್ಲಿ ಆ ಕೆಲಸ ನಿಂತಿತು. ಇದಾದ ಬಳಿಕ ಅದೇ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ 1969ರಿಂದ 1973ರವರೆಗೆ ಉದ್ದೇಶಪೂರ್ವಕವಾಗಿಯೇ ಪ್ರಯೋಗ ನಡೆಯಿತು. ದ್ರವದ ಒತ್ತಡ ಏರಿಸಿದಾಗ ಸಣ್ಣ ಕಂಪನಗಳು ಹೆಚ್ಚಿದವು, ಇಳಿಸಿದಾಗ ಬಹುಮಟ್ಟಿಗೆ ನಿಂತವು. ಭೂಕಂಪವನ್ನು ಹೀಗೆ ಏರಿಸಿ ಇಳಿಸಿ ನೋಡಿದ ನಿದರ್ಶನಗಳು ವಿರಳ.

ಕೊಯ್ನಾದಲ್ಲಿ ಮನುಷ್ಯನು ಪಂಪು ಮಾಡಬೇಕಿಲ್ಲ. ಮುಂಗಾರು ಆ ಕೆಲಸವನ್ನು ಪ್ರತಿವರ್ಷ ಮಾಡುತ್ತದೆ. ಜಲಾಶಯವು ತುಂಬಿದ ಬಳಿಕ ಕಂಪನಗಳು ಹೆಚ್ಚುವುದು ದಶಕಗಳ ದಾಖಲೆಗಳಲ್ಲಿ ಕಾಣುತ್ತದೆ. ನೀರಿನ ಮಟ್ಟ ಬಹು ಬೇಗ, ವಾರಕ್ಕೆ ಸುಮಾರು 12 ಮೀಟರಿನಷ್ಟು, ಏರುವುದು ದೊಡ್ಡ ಕಂಪನಗಳಿಗೆ ಪೂರಕವೆಂದು ಭೂಭೌತವಿಜ್ಞಾನಿ ಹರ್ಷ ಗುಪ್ತ ಗುರುತಿಸಿದರು. ಹಾಗೆ ಏರಿದಾಗಲೆಲ್ಲ ಭೂಕಂಪವಾಗಲೇಬೇಕೆಂದು ಇದರ ಅರ್ಥವಲ್ಲ.

ಜಲಾಶಯಗಳೆಲ್ಲವೂ ಭೂಕಂಪವನ್ನು ಪ್ರೇರಿಸುವುದಿಲ್ಲ. ಬಹುಪಾಲು ಪ್ರೇರಿಸುವುದೇ ಇಲ್ಲ. ಚೀನಾದ ಶಿನ್‌ಫೆಂಗ್‌ಜಿಯಾಂಗ್ (1962), ಆಫ್ರಿಕದ ಕರೀಬಾ (1963), ಗ್ರೀಸಿನ ಕ್ರೆಮಾಸ್ಟಾ (1966) ಇವುಗಳ ಜೊತೆ ಕೊಯ್ನಾ ಸೇರಿದರೆ ಪರಿಮಾಣ 6ನ್ನು ಮೀರಿದ ಪ್ರಮುಖ ನಿದರ್ಶನಗಳು ಮುಗಿದವು. ಸ್ತರಭಂಗವು ಮುರಿಯುವ ಹಂತಕ್ಕೆ ಸಮೀಪಿಸಿದ್ದಲ್ಲಿ ಮಾತ್ರ ನೀರಿನ ಕಿರು ಪ್ರಚೋದನೆ ಸಾಕಾಗುತ್ತದೆ.

ಪರಿಣಾಮ ಮತ್ತು ಅಧ್ಯಯನ

ಈ ಘಟನೆಯ ಬಳಿಕ ಭಾರತದ ಭೂಕಂಪ ವಲಯ ನಕ್ಷೆಯನ್ನು 1970ರಲ್ಲಿ ಪರಿಷ್ಕರಿಸಲಾಯಿತು. ಪರ್ಯಾಯ ದ್ವೀಪವು ನಿರಪಾಯವೆಂಬ ಭಾವನೆಯನ್ನು ಕೈಬಿಟ್ಟು, ಕೊಯ್ನಾ ಪ್ರದೇಶವನ್ನು ನಾಲ್ಕನೆಯ ವಲಯದಲ್ಲಿ ಸೇರಿಸಲಾಯಿತು.

ಸಣ್ಣ ಕಂಪನಗಳು ಇಂದಿಗೂ ನಿಂತಿಲ್ಲ. ದಕ್ಷಿಣಕ್ಕಿರುವ ವಾರಣಾ ಜಲಾಶಯ ತುಂಬತೊಡಗಿದ ಕೆಲವು ವರ್ಷಗಳ ಮೇಲೆ, 1993ರಿಂದ, ಚಟುವಟಿಕೆ ಆ ಕಡೆಗೂ ಹಬ್ಬಿತು. ಆದರೂ ಎಲ್ಲವೂ ಸುಮಾರು 20 ಕಿಲೋಮೀಟರ್ ಅಗಲ, 30 ಕಿಲೋಮೀಟರ್ ಉದ್ದದ ಪ್ರದೇಶದಲ್ಲಿ, ಹತ್ತು ಕಿಲೋಮೀಟರಿಗಿಂತ ಕಡಮೆ ಆಳದಲ್ಲಿಯೇ ಆಗುತ್ತಿವೆ. ಇಷ್ಟು ಚಿಕ್ಕ, ಪ್ರತ್ಯೇಕವಾದ, ಕೈಗೆಟಕುವ ಆಳದ ಕ್ಷೇತ್ರವು ಸಂಶೋಧಕರಿಗೆ ಪ್ರಯೋಗಶಾಲೆಯಂತೆ ಒದಗಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯವು ಕರಾಡದಲ್ಲಿ ಕೊಳವೆಬಾವಿ ಭೂಭೌತಶಾಸ್ತ್ರ ಸಂಶೋಧನಾಲಯವನ್ನು ಸ್ಥಾಪಿಸಿದೆ. ಗೋಠಣೆ ಎಂಬಲ್ಲಿ ಸುಮಾರು 3 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿಯನ್ನು 2017ರಲ್ಲಿ ಕೊರೆದು ಮುಗಿಸಲಾಯಿತು. ಕೊರೆತಗಳು ಸುಮಾರು ಒಂದು ಕಿಲೋಮೀಟರಿನಷ್ಟು ದಪ್ಪದ ದಖನ್ ಬಸಾಲ್ಟನ್ನು ದಾಟಿದ ಕೂಡಲೇ, ನಡುವೆ ಜಲಜಶಿಲೆಯ ಪದರವೇ ಇಲ್ಲದೆ, ಪುರಾತನ ಗ್ರಾನೈಟ್ ಮತ್ತು ನೈಸ್ ಶಿಲೆಗಳನ್ನು ಮುಟ್ಟಿದವು. ಭೂಕಂಪಗಳು ಹುಟ್ಟುತ್ತಿರುವುದು ಆ ಶಿಲೆಗಳಲ್ಲಿಯೇ.