ಐವಿ ಬಳ್ಳಿಯ ವಂಶಾವಳಿ

ಐವಿ ಎಂದೊಡನೆ ನಮಗೆ ನೆನಪಾಗುವುದು ಇಂಗ್ಲಿಷ್ ಕಾದಂಬರಿಗಳ ಹಳೆಯ ಕಲ್ಲುಗೋಡೆ. ಆದರೆ ಈ ಬಳ್ಳಿಯ ಹತ್ತಿರದ ಬಂಧುಗಳು ಹೆಚ್ಚಾಗಿರುವುದು ಏಷ್ಯಾದಲ್ಲಿ. ನಮ್ಮ ಪಶ್ಚಿಮ ಘಟ್ಟದ ಷೆಫ್ಲೆರಾ ಕೂಡ ಇದೇ ಅರಾಲಿಯೇಸಿ ಕುಟುಂಬದ್ದು. ಇಂಗ್ಲಿಷಿನಲ್ಲಿ ‘ಐವಿ ಗೋರ್ಡ್’ ಎನಿಸಿಕೊಳ್ಳುವ ತೊಂಡೆ ಮಾತ್ರ ಐವಿಗೆ ಏನೂ ಆಗಬೇಕಿಲ್ಲ. ಅದು ಸೌತೆಯ ಬಳಗ.

1753ರಲ್ಲಿ ಲಿನ್ನೇಯಸ್ ಯುರೋಪಿನ ಐವಿಯನ್ನು ‘ಹೆಡೆರಾ ಹೆಲಿಕ್ಸ್’ ಎಂದು ಕರೆದ. ಇಂದು ಅಜೋರ್ಸ್ ದ್ವೀಪಗಳಿಂದ ಹಿಮಾಲಯ, ಜಪಾನಿನವರೆಗೆ 10ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಎಲೆಯನ್ನು ನಂಬುವಂತಿಲ್ಲ: ಒಂದೇ ಬಳ್ಳಿ ಗೋಡೆ ಹತ್ತುವಾಗ ಸೀಳೆಲೆ ಬಿಡುತ್ತದೆ, ಹೂವಾಗುವ ಕೊಂಬೆಯಲ್ಲಿ ಸೀಳಿಲ್ಲದ ಎಲೆ. ಹಾಗಾಗಿ ಸಸ್ಯವಿಜ್ಞಾನಿಗಳು ಎಳೆ ಎಲೆಯ ಸೂಕ್ಷ್ಮ ರೋಮಗಳನ್ನೂ ಜೀವಕೋಶದ ವರ್ಣತಂತುಗಳನ್ನೂ ನೋಡುತ್ತಾರೆ. ಹೆಲಿಕ್ಸ್‌ನಲ್ಲಿ 48 ವರ್ಣತಂತು. ಅಟ್ಲಾಂಟಿಕ್ ಕರಾವಳಿಯ ಹೈಬರ್ನಿಕಾದಲ್ಲಿ ಅದರ ಎರಡರಷ್ಟು, 96. ಮಡೈರಾ ದ್ವೀಪದ ಐವಿಯಲ್ಲಿ ಮೂರರಷ್ಟು, 144. ವರ್ಣತಂತುಗಳು ಹೀಗೆ ಗುಣಿತಗೊಳ್ಳುವುದು ಹೊಸ ಪ್ರಭೇದ ಹುಟ್ಟುವ ಒಂದು ದಾರಿ. ಮಡೈರಾ ಭೂಖಂಡದೊಡನೆ ಎಂದೂ ಕೂಡಿರಲಿಲ್ಲ. ಅಲ್ಲಿಗೆ ಬೀಜ ಒಯ್ದದ್ದು ಹಣ್ಣು ತಿನ್ನುವ ಹಕ್ಕಿಗಳೇ ಇರಬೇಕು.

ಸಂಶೋಧನಾ ವಿದ್ಯಾರ್ಥಿಯಾದ ನನಗೆ ಈ ಬಳ್ಳಿ ಕಲಿಸುವುದು ಇಷ್ಟು: ಹೆಸರನ್ನೋ ಹೊರರೂಪವನ್ನೋ ನೆಚ್ಚಿ ಯಾರ ಮೂಲವನ್ನೂ ತೀರ್ಮಾನಿಸಬಾರದು. ಯುರೋಪಿನ ಗುರುತೇ ಆಗಿಹೋದ ಗಿಡದ ನೆಂಟಸ್ತಿಕೆ ನಮ್ಮ ಘಟ್ಟದ ಕಾಡಿನವರೆಗೂ ಚಾಚಿದೆ.